ನೀರೊಳಗಿನ ರೆಕ್ಕೆಗಳು

ಇಟಲಿಯ ಎನ್ರಿಕೊ ಫೋರ್ಲಾನಿನಿಗೆ ಹಾರಾಟದ ಹುಚ್ಚು ಮೊದಲಿನಿಂದಲೂ ಇತ್ತು. 1877ರಲ್ಲೇ ಉಗಿಯಂತ್ರದ ಪುಟ್ಟ ಹೆಲಿಕಾಪ್ಟರೊಂದನ್ನು ಸುಮಾರು 13 ಮೀಟರ್ ಮೇಲೇರಿಸಿದ್ದ; ಮುಂದೆ ವಾಯುನೌಕೆಗಳನ್ನೂ ಕಟ್ಟಿದ. ಇಂಥವನು 1906ರಲ್ಲಿ ಮಾಜೋರೆ ಸರೋವರಕ್ಕಿಳಿಸಿದ ದೋಣಿಗೆ ರೆಕ್ಕೆಗಳಿದ್ದುದು ಸಹಜವೇ. ಆದರೆ ಅವು ಇದ್ದದ್ದು ನೀರಿನಡಿಯಲ್ಲಿ. ದೋಣಿಯನ್ನು ತಳ್ಳುತ್ತಿದ್ದುದು ಮಾತ್ರ ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್‌ಗಳು. ಪರೀಕ್ಷೆಯಲ್ಲಿ ಅದು ಗಂಟೆಗೆ 68 ಕಿ.ಮೀ. ಮುಟ್ಟಿತು.

ಹೈಡ್ರೋಫಾಯಿಲ್ ಎಂಬ ಈ ನೀರೊಳಗಿನ ರೆಕ್ಕೆ ದೋಣಿಯನ್ನು ಎತ್ತುವ ಬಗೆ ವಿಮಾನದ ರೆಕ್ಕೆಯದ್ದೇ. ಹರಿವನ್ನು ಕೆಳಕ್ಕೆ ಬಾಗಿಸುತ್ತದೆ, ತಾನು ಮೇಲಕ್ಕೆ ಏಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಹಾಗಾಗಿ ಅಂಗೈ ಅಗಲದ ಪಟ್ಟಿಗಳೂ ಇಡೀ ದೋಣಿಯನ್ನು ಎತ್ತಬಲ್ಲವು. ಒಡಲು ನೀರು ಬಿಟ್ಟಿತೆಂದರೆ ಅದನ್ನು ಹಿಡಿದೆಳೆಯುತ್ತಿದ್ದ ಸೆಳೆತ ಬಹುಪಾಲು ಮಾಯ.

ಎದ್ದ ದೋಣಿ ಎಷ್ಟು ಏಳಬೇಕು? ವಿಮಾನದಲ್ಲಾದರೆ ಇದು ಪೈಲಟ್‌ನ ತಲೆನೋವು. ಫೋರ್ಲಾನಿನಿ ರೆಕ್ಕೆಗಳನ್ನು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಜೋಡಿಸಿದ. ವೇಗ ಹೆಚ್ಚಿದಂತೆ ಮೇಲಿನವು ನೀರಿನಿಂದ ಹೊರಬರುತ್ತವೆ, ಎತ್ತುವ ಬಲ ತಾನಾಗಿಯೇ ತಗ್ಗುತ್ತದೆ. ದೋಣಿ ಕುಸಿದರೆ ಅವು ಮತ್ತೆ ಮುಳುಗಿ ಎತ್ತುತ್ತವೆ. ಸೆನ್ಸರಿಲ್ಲ, ಸನ್ನೆಗೋಲಿಲ್ಲ. ಈ ಕಥೆಯಲ್ಲಿ ನನಗೆ ಅತಿ ಜಾಣತನದ್ದೆನಿಸುವುದು ಇದೇ.

ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೂ ಇದು ಹಿಡಿಸಿತು. ಆಗವನ ತಲೆ ತುಂಬ ವಿಮಾನ. 1909ರ ಫೆಬ್ರವರಿಯಲ್ಲಿ ಅವನ ತಂಡದ 'ಸಿಲ್ವರ್ ಡಾರ್ಟ್' ಕೆನಡಾದ ಬ್ಯಾಡೆಕ್‌ನ ಹೆಪ್ಪುಗಟ್ಟಿದ ಕೊಲ್ಲಿಯ ಮೇಲಿಂದ ಹಾರಿತ್ತು. ಮಂಜಿಲ್ಲದ ಕಾಲದಲ್ಲಿ, ನೀರೊಳಗಿನ ರೆಕ್ಕೆಗಳ ನೆರವಿನಿಂದ, ವಿಮಾನ ನೀರಿನ ಮೇಲಿಂದಲೇ ಏರುವಂತಿದ್ದರೆ? ಲೋಕಸಂಚಾರ ಹೊರಟ ಬೆಲ್ ಮತ್ತು ಅವನ ಎಂಜಿನಿಯರ್ ಕೇಸಿ ಬಾಲ್ಡ್ವಿನ್ ಇಟಲಿಗೆ ಹೋಗಿ ಫೋರ್ಲಾನಿನಿಯ ದೋಣಿಯಲ್ಲಿ ಕುಳಿತು ಬಂದರು. ಇತ್ತ 1911ರ ಜನವರಿಯಲ್ಲಿ, ಹಿಂದೆ ಬೆಲ್ ತಂಡದಲ್ಲೇ ಇದ್ದ ಗ್ಲೆನ್ ಕರ್ಟಿಸ್, ಸ್ಯಾನ್ ಡಿಯೇಗೊದಲ್ಲಿ ವಿಮಾನಕ್ಕೆ ಬರೀ ತೇಲುಬುರುಡೆ ಕಟ್ಟಿಯೇ ನೀರಿನಿಂದ ಹಾರಿಬಿಟ್ಟ!

ಬೆಲ್ ಮತ್ತು ಬಾಲ್ಡ್ವಿನ್ ಮಾತ್ರ ಏಣಿಯನ್ನು ಬಿಡಲಿಲ್ಲ. ಸುಮಾರು 60 ಅಡಿ ಉದ್ದದ, ಚುಟ್ಟಾ ಆಕಾರದ ಒಡಲಿನ ಅವರ ಎಚ್‌ಡಿ-4 ದೋಣಿ ತಲಾ 350 ಅಶ್ವಶಕ್ತಿಯ ಎರಡು ಲಿಬರ್ಟಿ ಎಂಜಿನ್ ಹೊತ್ತಿತ್ತು. ವಿಮಾನಕ್ಕೆಂದೇ ರೂಪಿಸಿದ ಎಂಜಿನ್‌ಗಳು. ಕೊಟ್ಟದ್ದು ಅಮೆರಿಕದ ನೌಕಾಪಡೆ. 1919ರ ಸೆಪ್ಟೆಂಬರ್ 9ರಂದು ಬ್ಯಾಡೆಕ್‌ನಲ್ಲಿ ಅದು ಗಂಟೆಗೆ 114 ಕಿ.ಮೀ. ಓಡಿ ಜಲವೇಗದ ವಿಶ್ವದಾಖಲೆ ಬರೆಯಿತು. ಮೊದಲ ಮಹಾಯುದ್ಧ ಮುಗಿದಿತ್ತು, ಕೊಳ್ಳುವ ನೌಕಾಪಡೆ ಸಿಗಲಿಲ್ಲ. ಅದರ ಒಡಲು ಇಂದು ಬ್ಯಾಡೆಕ್‌ನ ಬೆಲ್ ವಸ್ತುಸಂಗ್ರಹಾಲಯದಲ್ಲಿದೆ.