ಕಮಾನುಗಳ ಊರಿನಲ್ಲಿ ತೇಗದ ಕಂಬಗಳ ಮಹಲು

ವಿಜಯಪುರದ ಅರಕಿಲ್ಲೆಯ, ಅಂದರೆ ಆದಿಲ್‌ಶಾಹಿ ಅರಸರ ಒಳಕೋಟೆಯ, ಪೂರ್ವಕ್ಕೆ ಕಂದಕದ ಆಚೆ ದಂಡೆಯ ಮೇಲೆ ನಿಂತಿರುವ ಅಸರ್ ಮಹಲ್ ಆ ನಗರದ ವಾಸ್ತುಪರಂಪರೆಯಲ್ಲಿ ಬೇರೆಯೇ ಕುಲಕ್ಕೆ ಸೇರಿದ ಕಟ್ಟಡವಾಗಿದೆ. ಗೋಳಗುಮ್ಮಟ, ಜುಮ್ಮಾ ಮಸೀದಿ, ಗಗನ ಮಹಲ್‌ಗಳನ್ನು ಕಂಡು ಕಮಾನಿನ ಕಲೆಗೆ ಬೆರಗಾದವರಿಗೆ, ಇಲ್ಲಿಯ ಮುಖಮಂಟಪದ ಎತ್ತರದ ಛಾವಣಿಯನ್ನು ತೇಗದ ನಾಲ್ಕು ಬೃಹತ್ ಕಂಬಗಳು ಹೊತ್ತು ನಿಂತಿರುವುದು ಅಚ್ಚರಿ ಹುಟ್ಟಿಸುತ್ತದೆ.

ಮುಹಮ್ಮದ್ ಆದಿಲ್ ಶಾಹನು (ಆಳ್ವಿಕೆ 1627–1656) 1646ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ನ್ಯಾಯದಾನದ ಸಭಾಂಗಣವಾಗಿ. ಆಗ ಇದಕ್ಕೆ ದಾದ್ ಮಹಲ್, ಎಂದರೆ ನ್ಯಾಯದ ಅರಮನೆ, ಎಂಬ ಹೆಸರಿತ್ತು, ಅರಕಿಲ್ಲೆಯಿಂದ ಕಂದಕ ದಾಟಿ ಬರಲು ಸೇತುವೆಯೂ ಇತ್ತು. ಪ್ರವಾದಿ ಮುಹಮ್ಮದರ ಗಡ್ಡದ್ದೆಂದು ಭಕ್ತರು ನಂಬುವ ಎರಡು ಕೂದಲೆಳೆಗಳನ್ನು ಇರಿಸಿದ್ದ ಒಳಕೋಟೆಯ ಮಹಲು ಬೆಂಕಿಗೆ ತುತ್ತಾದ ಮೇಲೆ ಅವು ಇಲ್ಲಿಗೆ ಬಂದವು, ಅವುಗಳೊಂದಿಗೆ ಪವಿತ್ರ ಅವಶೇಷ ಎಂಬರ್ಥದ ‘ಅಸರ್’ ಎಂಬ ಹೆಸರೂ ಬಂದಿತು. ರಾಜ್ಯ ಅಳಿದು ಸುತ್ತಲಿನ ಅರಮನೆಗಳು ಪಾಳುಬಿದ್ದಾಗಲೂ ಈ ಕಟ್ಟಡ ಉಳಿದುದರಲ್ಲಿ ಆ ಭಕ್ತಿಯ ಪಾಲು ದೊಡ್ಡದೆಂದೇ ಹೇಳಬೇಕು. ಇಂದಿಗೂ ವರ್ಷಕ್ಕೊಮ್ಮೆ ಇಲ್ಲಿ ಉರುಸು ನೆರವೇರುತ್ತದೆ.

ಪೂರ್ವಾಭಿಮುಖವಾದ ಮುಖಮಂಟಪವು ಎರಡು ಅಂತಸ್ತುಗಳ ಪೂರ್ಣ ಎತ್ತರಕ್ಕೆ ತೆರೆದುಕೊಂಡಿದ್ದು, ಎದುರಿನ ಚೌಕಾಕಾರದ ಕೊಳದ ನೀರಿಗೆ ಮುಖಮಾಡಿದೆ. ಕಂಬಸಾಲಿನ ಮುಖಮಂಟಪವೆಂದೊಡನೆ ಗ್ರೀಕ್ ಹಾಗೂ ರೋಮನ್ ಮಾದರಿಗಳನ್ನು ಅನುಸರಿಸಿ ಮೈಸೂರಿನಲ್ಲಿ ಕಟ್ಟಲಾದ ಲಲಿತ ಮಹಲ್‌ನಂಥ ನವಶಾಸ್ತ್ರೀಯ ಶೈಲಿಯ ಸೌಧಗಳು ನೆನಪಾಗಬಹುದಾದರೂ, ಇದರ ನೆಂಟಸ್ತಿಕೆಯನ್ನು ಇರಾನಿನಲ್ಲಿ ಹುಡುಕುವುದು ಹೆಚ್ಚು ಯುಕ್ತ. ಮರದ ಕಂಬಗಳ ಮೇಲೆ ಚಪ್ಪಟೆ ಛಾವಣಿ ಹೊತ್ತ ತೆರೆದ ಮಂಟಪಕ್ಕೆ ಅಲ್ಲಿ ತಾಲಾರ್ ಎನ್ನುತ್ತಾರೆ. ಕೊಳದ ಎದುರು ಇಂಥದೇ ಮಂಟಪವುಳ್ಳ ಇಸ್ಫಹಾನಿನ ಚೆಹೆಲ್ ಸೊತೂನ್ ಅರಮನೆ 1647ರಲ್ಲಿ, ಅಂದರೆ ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಪೂರ್ಣಗೊಂಡಿತು. ಇರಾನಿನ ವಿದ್ವಾಂಸರಿಗೂ ಕಲಾವಿದರಿಗೂ ಆಶ್ರಯವಿತ್ತಿದ್ದ ವಿಜಯಪುರದಲ್ಲಿ ಈ ಹೋಲಿಕೆಯನ್ನು ಬರಿಯ ಆಕಸ್ಮಿಕವೆನ್ನಲಾಗದು.

ಮೇಲಂತಸ್ತಿನ ಕೋಣೆಗಳ ಗೋಡೆಗಳಲ್ಲಿ ಬಳ್ಳಿ, ಹೂದಾನಿಗಳ ಚಿತ್ರಗಳಿದ್ದು, ಒಂದೆಡೆ ಮನುಷ್ಯಾಕೃತಿಗಳೂ ಇವೆ. ಧಾರ್ಮಿಕ ಕಟ್ಟಡವಾಗಿಯೇ ಹುಟ್ಟಿದ್ದರೆ ಇಂಥ ಆಕೃತಿಗಳಿಗೆ ಇಲ್ಲಿ ಎಡೆಯಿರುತ್ತಿರಲಿಲ್ಲ. ಅವು ಈಗ ವಿರೂಪಗೊಂಡಿವೆಯಾದರೂ ಆದಿಲ್‌ಶಾಹಿ ಭಿತ್ತಿಚಿತ್ರಕಲೆಯ ಅಪರೂಪದ ಉಳಿಕೆಗಳಾದ್ದರಿಂದ ಗೋಳಗುಮ್ಮಟಕ್ಕೆ ಸಲ್ಲುವಷ್ಟೇ ಕಾಳಜಿ ಇವುಗಳಿಗೂ ಸಲ್ಲಬೇಕು. ಈ ಮಹಲಿನಲ್ಲೇ ಇದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳ ಭಂಡಾರವನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು 1853ರಲ್ಲಿ ಲಂಡನ್ನಿಗೆ ಸಾಗಿಸಿದ್ದರಿಂದ, ಆ ಹಸ್ತಪ್ರತಿಗಳನ್ನು ಓದಬಯಸುವ ಸಂಶೋಧಕರು ಇಂದು ಅಲ್ಲಿಯ ಬ್ರಿಟಿಷ್ ಲೈಬ್ರರಿಯನ್ನು ಆಶ್ರಯಿಸಬೇಕಾಗಿದೆ.