ಗಾಳಿಯನ್ನು ಶುದ್ಧಿಮಾಡುವ ಕರಟ

ತಿಪಟೂರು, ಅರಸೀಕೆರೆಗಳ ಕಡೆ ಸಂಚರಿಸಿದವರಿಗೆ ರಸ್ತೆಯ ಬದಿಯಲ್ಲಿ ಕಂದು ಪುಡಿಯ ಗುಡ್ಡೆಗಳು ಕಣ್ಣಿಗೆ ಬಿದ್ದಿರಬೇಕು. ತೆಂಗಿನಕಾಯಿಯ ಸಿಪ್ಪೆಯಿಂದ ನಾರನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಪುಡಿ ಅದು. ಬಹುಕಾಲ ಅದನ್ನು ಕೇಳುವವರಿರಲಿಲ್ಲ. ಈಚೆಗೆ ಸಸಿಗಳ ಕುಂಡಗಳಿಗೆ ಹೋಗುತ್ತಿದೆ. ಕೊಬ್ಬರಿ ತೆಗೆದ ಕರಟಕ್ಕಾದರೋ ಬಚ್ಚಲೊಲೆಯಲ್ಲಿ ಮೊದಲಿನಿಂದಲೂ ಒಂದು ಸ್ಥಾನವುಂಟು. ಇವೆರಡರಿಂದಲೂ ವಿಷಾನಿಲಗಳನ್ನು ಹಿಡಿದಿಡುವ ಇದ್ದಿಲನ್ನು ಮಾಡಬಹುದು. ಆದರೆ ಎರಡರ ಗುಣವೂ ಒಂದೇ ಅಲ್ಲ. ಅದೇಕೆಂಬುದನ್ನು ನೋಡೋಣ.

1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ ಪಟ್ಟಣದ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಅದೇ ವರ್ಷ ರಷ್ಯದ ರಸಾಯನ ವಿಜ್ಞಾನಿ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಿಲು ತುಂಬಿದ ಮುಖವಾಡವನ್ನು ರೂಪಿಸಿದನು. 1918ರಲ್ಲಿ ಅಮೆರಿಕದ ಜನರು ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಗಟ್ಟಿ ಚಿಪ್ಪುಗಳನ್ನೂ ಮನೆಮನೆಯಿಂದ ಕೂಡಿಸಿ ಸರಕಾರಕ್ಕೆ ಒಪ್ಪಿಸಿದರು. ಸೈನಿಕರ ಮುಖವಾಡಕ್ಕೆ ಬೇಕಾದ ಇದ್ದಿಲಿಗಾಗಿ ತೆಂಗಿನ ಕರಟಕ್ಕೂ ಆಗ ಬಹಳ ಬೇಡಿಕೆಯಿತ್ತು.

ನಮ್ಮ ಕಾಲೇಜಿನಲ್ಲಿ ಒಮ್ಮೆ ಇದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಹೊರಟು ನಾವು ನಗೆಪಾಟಲಾದೆವು. ಬ್ರೋಮಿನ್ನಿನ ಕೆಂಗಂದು ಆವಿ ತುಂಬಿದ ಗಾಜಿನ ಬುರುಡೆಯೊಳಕ್ಕೆ ಒಲೆಯ ಇದ್ದಿಲಿನ ಚೂರುಗಳನ್ನು ಹಾಕಿದೆವು. ಹತ್ತು ನಿಮಿಷವಾದರೂ ಬಣ್ಣ ಮಾಸಲಿಲ್ಲ. ಮರುದಿನ ಕರಟದಿಂದ ಮಾಡಿದ, ಪಟುಗೊಳಿಸಿದ ಇದ್ದಿಲನ್ನು ತರಿಸಿ ಹಾಕಿದಾಗ, ನೋಡುತ್ತಿದ್ದಂತೆಯೇ ಬುರುಡೆ ತಿಳಿಯಾಯಿತು. ಎರಡೂ ಇಂಗಾಲವೇ, ಎರಡೂ ಕಪ್ಪೇ. ವ್ಯತ್ಯಾಸವಿರುವುದು ಒಳಗಿನ ರಂಧ್ರಗಳಲ್ಲಿ.

ಸ್ಪಂಜು ನೀರನ್ನು ಹೀರುವಂತೆ ಇದ್ದಿಲು ಅನಿಲವನ್ನು ಹೀರುವುದಿಲ್ಲ. ಅನಿಲದ ಅಣುಗಳು ಅದರ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣೆಯೆಂದು ಹೆಸರು. ಆದುದರಿಂದ ಮೇಲ್ಮೈ ಹೆಚ್ಚಿದಷ್ಟೂ ಲಾಭ. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಆಗುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು, ಎಂದರೆ ಒಂದು ನ್ಯಾನೊಮೀಟರ್ ಅಂಚಿನ ಘನಗಳಾಗಿ ಕತ್ತರಿಸಿದರೆ 6000 ಚದರ ಮೀಟರ್! ಇದ್ದಿಲನ್ನು ಹೀಗೆ ಕತ್ತರಿಸಬೇಕಾಗಿಲ್ಲ, ಒಳಗೊಳಗೇ ಕೊರೆದರೆ ಸಾಕು. ಚೆನ್ನಾಗಿ ಪಟುಗೊಳಿಸಿದ ಒಂದು ಗ್ರಾಂ ಇದ್ದಿಲಿನಲ್ಲಿ ಸುಮಾರು 1000 ಚದರ ಮೀಟರ್ ಮೇಲ್ಮೈ ಅಡಗಿರುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಚಿಟಿಕೆಯಲ್ಲಿ ಹತ್ತು ಗುಂಟೆ ಜಮೀನು.

ಕೊರೆಯುವ ಕೆಲಸ ಎರಡು ಹಂತಗಳದು. ಮೊದಲು ಕರಟವನ್ನು ಗಾಳಿಯಾಡದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಬೇಕು. ನೀರು, ಟಾರು, ಉರಿಯುವ ಅನಿಲಗಳು ಹೊರಟುಹೋಗಿ ಇದ್ದಿಲು ಉಳಿಯುತ್ತದೆ. ಕರಟ ಕರಗಿ ದ್ರವವಾಗದೆ ಇದ್ದಲ್ಲಿಯೇ ಕರಿಯಾಗುವುದರಿಂದ ಇಂಗಾಲದ ಪದರಗಳು ಅಚ್ಚುಕಟ್ಟಾಗಿ ಜೋಡಣೆಗೊಳ್ಳಲಾರವು. ಅಡ್ಡಾದಿಡ್ಡಿಯಾಗಿ ನಿಂತು ನಡುವೆ ಸಂದುಗಳನ್ನು ಬಿಡುತ್ತವೆ. ಈ ಸಂದುಗಳಲ್ಲಿ ಟಾರು ಕಟ್ಟಿಕೊಂಡಿರುತ್ತದೆ. ನಮ್ಮ ಒಲೆಯ ಇದ್ದಿಲು ಸೋತುದು ಇಲ್ಲಿಯೇ. ಎರಡನೆಯ ಹಂತದಲ್ಲಿ 800ರಿಂದ 1000 ಡಿಗ್ರಿಯ ಶಾಖದಲ್ಲಿ ಇದ್ದಿಲಿನ ಮೇಲೆ ನೀರಾವಿಯನ್ನು ಹಾಯಿಸುತ್ತಾರೆ. ನೀರಾವಿಯು ಇಂಗಾಲವನ್ನು ಕಣಕಣವಾಗಿ ತಿಂದು, ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳಾಗಿ ಮಾರ್ಪಟ್ಟು, ಸಂದುಗಳನ್ನು ತೆರೆಯುತ್ತದೆ. ಹತ್ತು ಕಿಲೋಗ್ರಾಂ ಕರಟ ಮೂರು ಕಿಲೋಗ್ರಾಂ ಇದ್ದಿಲಾಗಿ, ಕಡೆಗೆ ಒಂದು ಕಿಲೋಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ನಷ್ಟವೆನ್ನಬೇಡಿ, ಕಳೆದುಹೋದ ಜಾಗವೇ ಇಲ್ಲಿ ಸರಕು.

ಕರಟ ಬಲು ಗಟ್ಟಿ. ಅದರ ರಂಧ್ರಗಳಲ್ಲಿ ಬಹುಪಾಲು ಎರಡು ನ್ಯಾನೊಮೀಟರಿಗಿಂತ ಕಿರಿದು. ಇಂಥ ಇಕ್ಕಟ್ಟಿನಲ್ಲಿ ಅಣುವನ್ನು ಎರಡೂ ಬದಿಯ ಗೋಡೆಗಳು ಸೆಳೆಯುವುದರಿಂದ ಹಿಡಿತ ಬಿಗಿಯಾಗುತ್ತದೆ. ನಾರಿನ ಪುಡಿಯ ಇದ್ದಿಲಾದರೋ ಹಗುರ. ಬೇಗ ಪುಡಿಯಾಗಿ ಗಾಳಿಯ ದಾರಿಯನ್ನೇ ಮುಚ್ಚೀತು. ಅದನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಕಡಿಮೆ ಶಾಖದಲ್ಲಿ ಸುಟ್ಟು ಪಟುಗೊಳಿಸಬಹುದು. ಆದರೂ ಅನಿಲಕ್ಕಿಂತ ನೀರಿನಲ್ಲಿರುವ ಬಣ್ಣಗಳ ದೊಡ್ಡ ಅಣುಗಳನ್ನು ಹಿಡಿಯಲು ಅದು ಹೆಚ್ಚು ತಕ್ಕುದೆಂದು ನಮ್ಮ ಅಭಿಪ್ರಾಯ.

ಇನ್ನು, ಯಾವ ಅನಿಲ ಸಿಕ್ಕಿಬೀಳುತ್ತದೆ? ಸುಲಭವಾಗಿ ದ್ರವವಾಗುವ ಅನಿಲ ಸುಲಭವಾಗಿ ಅಂಟುತ್ತದೆ ಎಂಬುದು ಸ್ಥೂಲ ನಿಯಮ. ಬ್ರೋಮಿನ್ ಕುದಿಯುವುದು 59 ಡಿಗ್ರಿಯಲ್ಲಿ, ಕ್ಲೋರಿನ್ ಸೊನ್ನೆಗಿಂತ 34 ಡಿಗ್ರಿ ಕೆಳಗೆ, ಎರಡೂ ಸಿಕ್ಕಿಬೀಳುತ್ತವೆ. ಗೋಬರ್ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತವನ್ನು ಕೊಟ್ಟು ಎಂಜಿನ್ನಿನ ಲೋಹವನ್ನು ಕೊರೆಯುವ ಹೈಡ್ರೊಜನ್ ಸಲ್ಫೈಡಿಗೆ ಅಂಟುವುದೊಂದೇ ಸಾಲದು. ಇದ್ದಿಲಿಗೆ ಕ್ಷಾರವನ್ನು ಉಣಿಸಿ ಅನಿಲದೊಡನೆ ಸ್ವಲ್ಪ ಗಾಳಿಯನ್ನೂ ತೇವವನ್ನೂ ಬೆರೆಸಿದರೆ ಅದು ರಂಧ್ರಗಳಲ್ಲಿ ಗಂಧಕವಾಗಿ ಕುಳಿತುಕೊಳ್ಳುತ್ತದೆ.

ಕಾರ್ಬನ್ ಮಾನಾಕ್ಸೈಡ್ ಮಾತ್ರ ಕೈಗೆ ಸಿಗುವುದಿಲ್ಲ. ಅದು ಸೊನ್ನೆಗಿಂತ 191 ಡಿಗ್ರಿ ಕೆಳಗಿಳಿದ ಹೊರತು ದ್ರವವಾಗದು. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯೆಂದು ಕೋಣೆಯ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯ ಬಳಿ ಮಲಗಿದವರನ್ನು ಕೊಲ್ಲುವುದು ಇದೇ. ಇದ್ದಿಲಿನ ಮುಖವಾಡವನ್ನು ತೊಟ್ಟಿದ್ದರೂ ಅವರು ಪಾರಾಗಲಾರರು. ಇದಕ್ಕಾಗಿ ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಬೇರೊಂದು ಮಿಶ್ರಣವನ್ನು ಬಳಸುತ್ತಾರೆ. ಅದು ಈ ವಿಷವನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ಕಾರ್ಬನ್ ಡೈಆಕ್ಸೈಡನ್ನಾಗಿ ಮಾಡುತ್ತದೆ. ತೇವ ತಗಲಿದರೆ ಅದೂ ಕೆಲಸ ಮಾಡದು; ಆದುದರಿಂದ ಅದರ ಮುಂದೆ ತೇವವನ್ನು ಹೀರುವ ಪದರವೊಂದನ್ನು ಇಡಬೇಕಾಗುತ್ತದೆ.