ಬಾಸೆಲಿನ ಪಾದ್ರಿಮನೆ, ಬನಶಂಕರಿಯ ಸೀಮೆ

ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು. ಅದಕ್ಕೂ ಮೊದಲು ಪಲ್ಲೇದ ಹಬ್ಬ. ಶಾಕಂಬರಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ. ಕರಿಕಲ್ಲಿನ, ಎಂಟು ತೋಳಿನ ದೇವಿ ಸಿಂಹವೇರಿ ರಾಕ್ಷಸನನ್ನು ಮೆಟ್ಟಿದ್ದಾಳೆ. ಬರಗಾಲದಲ್ಲಿ ಅನ್ನ ಕೊಟ್ಟವಳೂ ಅವಳೇ, ಆಯುಧ ಹಿಡಿದವಳೂ ಅವಳೇ. ದೇವಾಂಗ ನೇಕಾರರಿಗೆ ಕುಲದೇವತೆ.

ಇದೇ ಸೀಮೆಯ ನೇಕಾರರ ಊರು, ಖಣಕ್ಕೆ ಹೆಸರಾದ ಗುಳೇದಗುಡ್ಡ. ಅಲ್ಲಿಗೆ 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಬಂದರು. ಅವರು ತಂದ ಆರಾಧನೆಯಲ್ಲಿ ವಿಗ್ರಹವಿಲ್ಲ, ನೈವೇದ್ಯವಿಲ್ಲ. ವಾಕ್ಯ, ಪ್ರಾರ್ಥನೆ, ಹಾಡು, ಇಷ್ಟೇ.

ಆ ಮಿಷನ್ 1815ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. ಮನಸ್ಸಿನ ಆಳಕ್ಕಿಳಿದ ಮನಶ್ಶಾಸ್ತ್ರಜ್ಞ ಕಾರ್ಲ್ ಗುಸ್ತಾವ್ ಯೂಂಗ್ ಬೆಳೆದದ್ದೂ ಅದೇ ಪಟ್ಟಣದ ಅಂಚಿನ ಪಾದ್ರಿಮನೆಯಲ್ಲಿ. ತಂದೆ ಪೌಲ್ ಯೂಂಗ್ ಪಾದ್ರಿ. ತಾಯಿಯ ತಂದೆ ಬಾಸೆಲ್ ಸಭೆಯ ಮುಖ್ಯ ಪಾದ್ರಿ. ಒಬ್ಬನೇ ದೇವರು ಮೂವರೆಂಬ ತ್ರಯೈಕ್ಯದ ಪಾಠಕ್ಕಾಗಿ ಮಗ ಆಸೆಯಿಂದ ಕಾದಿದ್ದ. ತನಗೇ ಅದು ಅರ್ಥವಾಗಿಲ್ಲವೆಂದು ಅಪ್ಪ ಆ ಪಾಠವನ್ನೇ ಬಿಟ್ಟು ಮುಂದೆ ಹೋದರು. ಅದಕ್ಕೂ ಮೊದಲು, 12ರ ವಯಸ್ಸಿನಲ್ಲಿ, ಬಾಸೆಲಿನ ಮಹಾದೇವಾಲಯದ ಮುಂದೆ ಹೊಳೆದ ಒಂದು ಯೋಚನೆಯನ್ನು ಪಾಪವೆಂದು ಹೆದರಿ ಹುಡುಗ ದಿನಗಟ್ಟಲೆ ತಡೆದಿಟ್ಟಿದ್ದ. ಕೊನೆಗೆ ಬಿಟ್ಟುಕೊಟ್ಟಾಗ ಕಂಡದ್ದು: ಸಿಂಹಾಸನದ ದೇವರಿಂದ ಬಿದ್ದ ಮಲ ದೇವಾಲಯದ ಮಾಡನ್ನು ಒಡೆಯುತ್ತಿದೆ. ಶಿಕ್ಷೆ ಬರಲಿಲ್ಲ, ಅಪಾರ ನಿರಾಳ ಬಂತು. ಅದನ್ನು ಯೂಂಗ್ ದೇವರ ಕೃಪೆಯೆಂದೇ ಮುಪ್ಪಿನಲ್ಲಿ ಹೇಳಿಕೊಂಡರು.

1937ರಲ್ಲಿ ಯೇಲ್ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ಅವರು ವಾದಿಸಿದ್ದಿಷ್ಟು: ಪ್ರೊಟೆಸ್ಟಂಟರು ಮೂರ್ತಿ, ವಿಧಿ, ಪಾಪನಿವೇದನೆಗಳನ್ನು ಕಳಚಿದಾಗ ಮನುಷ್ಯನಿಗೂ ಅವನ ಸುಪ್ತಮನಸ್ಸಿಗೂ ನಡುವಿನ ಗೋಡೆಯೇ ಹೋಯಿತು. ಅಪಾಯವೂ ಅದೇ, ದೇವರನ್ನು ನೇರ ಎದುರಿಸುವ ಅವಕಾಶವೂ ಅದೇ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ಬಾಳು ಇದಕ್ಕೆ ಸಾಕ್ಷಿ. ತಂದೆಯೂ ಅಜ್ಜ ಗುಂಡರ್ಟರೂ ಬಾಸೆಲ್ ಮಿಷನ್ನಿಗಾಗಿ ಭಾರತದಲ್ಲಿ ದುಡಿದವರು. ಹುಡುಗ ಮಾತ್ರ 1892ರಲ್ಲಿ ಮೌಲ್‌ಬ್ರಾನ್ ಸೆಮಿನರಿಯಿಂದ ಓಡಿಹೋದ. 1916ರಲ್ಲಿ ಯೂಂಗರ ಶಿಷ್ಯ ಲಾಂಗ್ ಬಳಿ ಚಿಕಿತ್ಸೆ ಪಡೆದ ಮೇಲೆ ಬಂದದ್ದು ‘ಡೆಮಿಯನ್’ ಕಾದಂಬರಿ.

ಯೂಂಗ್ ಇಲ್ಲಿಗೇ ನಿಲ್ಲಲಿಲ್ಲ. 1952ರ ‘ಯೋಬನಿಗೆ ಉತ್ತರ’ದಲ್ಲಿ ಕತ್ತಲನ್ನು ದೇವರೊಳಗೇ ಇಟ್ಟರು. ಅವರ ಸ್ನೇಹಿತ, ಡೊಮಿನಿಕನ್ ಗುರು ವಿಕ್ಟರ್ ವೈಟ್ ಒಪ್ಪಲಿಲ್ಲ. ಕೆಡುಕಿಗೆ ಸ್ವಂತ ಸತ್ವವಿಲ್ಲ, ಅದು ಒಳಿತಿನ ಕೊರತೆ ಎಂಬ ಹಳೆಯ ಕ್ರೈಸ್ತ ಬೋಧನೆಗೆ ಅವರು ಕಟ್ಟುಬಿದ್ದರು, ಸ್ನೇಹ ಬಿರುಕುಬಿಟ್ಟಿತು. ಸಿದ್ಧಾಂತದಲ್ಲಿ ನಾನು ವೈಟ್ ಕಡೆ. ಆದರೆ ನೋವು ಹೊತ್ತು ಬಂದವನ ಎದುರು ಕೂತಾಗ ಯೂಂಗರ ಮಾತು ಬೇಕೇ ಬೇಕು. ಕೊರತೆ ಎಂದೊಡನೆ ಸಿಟ್ಟು, ಕಾಮ, ಮತ್ಸರಗಳು ಮನಸ್ಸಿನಿಂದ ಹೊರಟುಹೋಗುವುದಿಲ್ಲ. ಅವು ನೆರೆಯವನ ಮುಖದಲ್ಲಿ ಕಾಣತೊಡಗುತ್ತವೆ. ಹೀಗೆ ಒಪ್ಪಿಕೊಳ್ಳದೆ ಅಡಗಿಸಿಟ್ಟ ಭಾಗವನ್ನೇ ಯೂಂಗ್ ‘ನೆರಳು’ ಎಂದರು. ತನ್ನ ನೆರಳನ್ನು ಕಾಣದ ಭಕ್ತನಿಗೆ ಬೇರೆಯವರ ದೇವರಲ್ಲೆಲ್ಲ ಸೈತಾನನೇ ಕಾಣುತ್ತಾನೆ. ಮಿಷನರಿಗಳಲ್ಲಿ ಅನೇಕರು ನಮ್ಮ ದೇವಿಯರನ್ನು ನೋಡಿದ್ದು ಹಾಗೆಯೇ. ಅದು ವಿಶ್ವಾಸದ ಬಲವಲ್ಲ, ಭಯ.

ಬನಶಂಕರಿಯ ಭಕ್ತರು ಸೌಮ್ಯ, ಉಗ್ರ ಎರಡನ್ನೂ ಒಂದೇ ಗರ್ಭಗುಡಿಯಲ್ಲಿ ಕಂಡು ಕೈಮುಗಿಯುತ್ತಾರೆ. ಕ್ರೈಸ್ತರು ಅದನ್ನು ಎರವಲು ತರಬೇಕಿಲ್ಲ. ಮೂರ್ತಿ ಬಿಟ್ಟ ಸಭೆಯೂ ಕೀರ್ತನೆಗಳ ಪುಸ್ತಕವನ್ನು ಬಿಡಲಿಲ್ಲ. ಶತ್ರುವಿಗೆ ಶಾಪ ಹಾಕುವ, ದೇವರನ್ನೇ ತರಾಟೆಗೆ ತೆಗೆದುಕೊಳ್ಳುವ ಪ್ರಾರ್ಥನೆಗಳು ಅಲ್ಲಿವೆ. 88ನೆಯ ಕೀರ್ತನೆಯಂತೂ ಸಮಾಧಾನಕ್ಕೆ ತಿರುಗದೆ ಕತ್ತಲಲ್ಲೇ ಮುಗಿಯುತ್ತದೆ. ಮಗುವನ್ನು ಕಳೆದುಕೊಂಡ ತಾಯಿ ದೇವರ ಮೇಲೆ ಸಿಟ್ಟಾದರೆ ‘ನಿನಗೆ ವಿಶ್ವಾಸ ಸಾಲದು’ ಎನ್ನುವ ಬದಲು, ಪಾದ್ರಿ ಅವಳ ಜೊತೆ ಕೂತು ಆ ಕೀರ್ತನೆಯನ್ನು ಓದಲಿ, ಓದಿ ಮುಗಿದ ಮೇಲೆ ಉಪದೇಶ ಮಾಡದಿರಲಿ.